ತಾತನ ರೇಜರಿನ ಜಾಡು ಹಿಡಿದು

ಬಸವನಗುಡಿಯ ಹಳೆಯ ಮನೆಯೊಂದನ್ನು ಕೆಡವುವಾಗ ಏನೇನು ಹೊರಗೆ ಬರುತ್ತದೆ? ಮೊದಲು ತೇಗದ ಬಾಗಿಲು, ಕಿಟಕಿ. ಅವನ್ನು ಕೊಳ್ಳುವವರು ಗೋಡೆ ಬೀಳುವ ಮೊದಲೇ ಬಂದು ನಿಂತಿರುತ್ತಾರೆ. ಆಮೇಲೆ ಹಂಡೆ, ಕೊಳಗ, ಒರಳುಕಲ್ಲು. ಎಲ್ಲ ಮುಗಿದ ಮೇಲೆ ಬಚ್ಚಲುಮನೆಯ ಕನ್ನಡಿ ಗೂಡಿನಿಂದ ಒಣಗಿ ಬಿರುಕುಬಿಟ್ಟ ಸೋಪು, ಕೂದಲು ಉದುರಿದ ಬ್ರಷ್ಷು, ಅವುಗಳ ನಡುವೆ ಹಸಿರು ಕಿಲುಬು ಹಿಡಿದ ಒಂದು ಪುಟ್ಟ ಲೋಹದ ಸಾಮಾನು. ಬೆರಳುದ್ದದ ಹಿಡಿ, ಅದರ ತುದಿಗೆ ಅಡ್ಡಲಾಗಿ ಕೂತ ಚಪ್ಪಟೆ ತಲೆ. ‘ಅದು ತಾತನ ರೇಜರ್’ ಎಂದು ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಅಷ್ಟು ಹೇಳುವವರೂ ಇಲ್ಲದಿದ್ದರೆ ಅದು ಹಳೇ ಕಬ್ಬಿಣದ ಜೊತೆ ತೂಕಕ್ಕೆ ಹೋಗುತ್ತದೆ.

ನಾಣ್ಯ, ಅಂಚೆಚೀಟಿ ಕೂಡಿಡುವವರಂತೆ ಇಂಥ ರೇಜರ್ ಕೂಡಿಡುವವರೂ ಇದ್ದಾರೆ. ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿಟ್ಟು ನೋಡುವುದಷ್ಟೇ ಅವರ ಹವ್ಯಾಸವಲ್ಲ. ಹುಡುಕಿ ತಂದು, ತೊಳೆದು, ಹೊಸ ಬ್ಲೇಡು ಹಾಕಿ ಮುಂಜಾನೆ ಅದರಲ್ಲೇ ಗಡ್ಡ ಬೋಳಿಸಿಕೊಂಡರೆ ಅವರಿಗೆ ಸಮಾಧಾನ. ಈ ಹವ್ಯಾಸಕ್ಕೆ ಬೆಂಗಳೂರಿನ ಹಳೆಯ ಬಡಾವಣೆಗಳು ಹೇಳಿ ಮಾಡಿಸಿದ ಜಾಗ. ಇಂದು ಮೆಟ್ರೊದ ಹಸಿರು ಮಾರ್ಗ ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ, ಮುಂದಿನ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಿಂದ ನಡೆದರೆ ಚಾಮರಾಜಪೇಟೆ, ಅದರಾಚೆ ಚಿಕ್ಕಪೇಟೆ, ಮೆಜೆಸ್ಟಿಕ್ ದಾಟಿದರೆ ಸಂಪಿಗೆ ರಸ್ತೆ, ಮಲ್ಲೇಶ್ವರ. ರೇಜರಿನ ಕಥೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ.

ಪಂಚಾಂಗವೂ ಕಚೇರಿಯೂ

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿರುವ ಕಡೆ ಜನ ಹೊರಟಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇದರ ನಡುವೆ ಇನ್ನೆರಡು ಸಂಗತಿ ನಡೆದವು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಊರಿಗೆ ಬಂತು. 1905ರಲ್ಲಿ ಬೀದಿಗೆ ವಿದ್ಯುದ್ದೀಪ ಬಂತು. ಮನೆಯೊಳಗೆ ನೀರು, ಬೆಳಕು, ಒಂದು ಕನ್ನಡಿ ಇದ್ದರೆ ಗಂಡಸು ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳಬಹುದು. ಆದರೆ ಆಗಿನ್ನೂ ಹಾಗೆ ಮಾಡಿಕೊಳ್ಳುವ ರೂಢಿ ಇರಲಿಲ್ಲ.

ಆ ಕಾಲದಲ್ಲಿ ಕ್ಷೌರಿಕರು ಮನೆಗೇ ಬರುತ್ತಿದ್ದರು. ಕಂಕುಳಲ್ಲಿ ಹಡಪ, ಅದರೊಳಗೆ ಮಡಿಸುವ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಕತ್ತರಿ, ಪುಟ್ಟ ಬಟ್ಟಲು. ಹಡಪ ಎಂದರೆ ಎಲೆ ಅಡಕೆಯ ಸಂಚಿಯೂ ಹೌದು, ಕ್ಷೌರದ ಸಲಕರಣೆಗಳ ಚೀಲವೂ ಹೌದು. ಹನ್ನೆರಡನೇ ಶತಮಾನದ ಶರಣ ಹಡಪದ ಅಪ್ಪಣ್ಣನವರ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಕೆಲಸ, ಸುಗ್ಗಿಯಲ್ಲಿ ಕಾಳು. ಪಟ್ಟಣಕ್ಕೆ ಬಂದ ಮೇಲೆ ಕಾಳಿನ ಜಾಗಕ್ಕೆ ಕಾಸು ಬಂತು, ಹಿತ್ತಲ ಕಟ್ಟೆ ಮಾತ್ರ ಹಾಗೇ ಉಳಿಯಿತು. ಮಗುವಿನ ಚೌಲದಿಂದ ಹಿಡಿದು ಮನೆಯ ಕರ್ಮಾಂತರದವರೆಗೆ ಅವರಿಲ್ಲದೆ ನಡೆಯುತ್ತಿರಲಿಲ್ಲ. ಆದರೂ ಅವರು ಹೊಸಿಲು ದಾಟುವಂತಿರಲಿಲ್ಲ. ಕ್ಷೌರ ಮಾಡಿಸಿಕೊಂಡವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿರಲಿಲ್ಲ. ಕೆಲಸ ಬೇಕು, ಕೆಲಸದವರು ಹೊರಗಿರಬೇಕು. ಹಳೆಯ ದಿನಗಳನ್ನು ನೆನೆದು ಹಿಗ್ಗುವಾಗ ಈ ಮಾತನ್ನು ಮರೆಯಬಾರದು.

ಇನ್ನು ದಿನದ ಲೆಕ್ಕ. ಮಂಗಳವಾರ ಕೂಡದು, ಶುಕ್ರವಾರ ಕೂಡದು, ಶನಿವಾರ ಕೂಡದು. ಅಮಾವಾಸ್ಯೆ, ಏಕಾದಶಿ, ಜನ್ಮನಕ್ಷತ್ರ, ಹಬ್ಬದ ದಿನ ಕೇಳುವುದೇ ಬೇಡ. ಪಂಚಾಂಗ ಒಪ್ಪಿದ ದಿನ ಕ್ಷೌರಿಕರು ಸಿಗಬೇಕು, ಅವರು ಸಿಕ್ಕ ದಿನ ಪಂಚಾಂಗ ಒಪ್ಪಬೇಕು. ಜಮೀನು ನೋಡಿಕೊಂಡಿದ್ದವರಿಗೆ ಇದರಿಂದ ತೊಂದರೆ ಇರಲಿಲ್ಲ. ಹೊಸ ಬಡಾವಣೆಗಳ ಗೃಹಸ್ಥರಿಗೆ ಹಾಗಲ್ಲ. ಅವರು ಅಠಾರ ಕಚೇರಿಯ ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ವಕೀಲರು. ಪೇಟ ಸುತ್ತಿ, ಮುಚ್ಚು ಕೋಟು ತೊಟ್ಟು ಹೊತ್ತಿಗೆ ಸರಿಯಾಗಿ ಹೋಗಬೇಕಾದವರು. ಕಚೇರಿಗೆ ಏಕಾದಶಿ ಇಲ್ಲ. ಈ ಇಕ್ಕಟ್ಟಿಗೆ ಸಾವಿರಾರು ಮೈಲಿ ದೂರದಿಂದ ಒಂದು ಉಪಾಯ ಹಡಗಿನಲ್ಲಿ ಬಂತು.

ಮೂರು ತುಂಡು, ಒಂದು ತಿರುಪು

ಕಿಂಗ್ ಕ್ಯಾಂಪ್ ಜಿಲೆಟ್ ಅಮೆರಿಕದ ಒಬ್ಬ ಸಂಚಾರಿ ಮಾರಾಟಗಾರ. ಬಾಟಲಿ ಮುಚ್ಚಳದ ಕಂಪನಿಯಲ್ಲಿ ಅವನ ಕೆಲಸ. ಒಮ್ಮೆ ಬಳಸಿ ಎಸೆಯುವ ಮುಚ್ಚಳದಿಂದ ಅಷ್ಟು ಲಾಭವಿರುವಾಗ, ಒಮ್ಮೆ ಬಳಸಿ ಎಸೆಯುವ ಕತ್ತಿ ಏಕಾಗಬಾರದು ಎಂಬ ಯೋಚನೆ 1895ರಲ್ಲಿ ಅವನಿಗೆ ಬಂತು. ಆಗ ಅವನಿಗೆ ನಲವತ್ತು ವರ್ಷ. ಕಾಗದದಷ್ಟು ತೆಳ್ಳನೆಯ ಉಕ್ಕಿಗೆ ಅಲಗು ಕೂರಿಸುವುದು ಆಗದ ಮಾತು ಎಂದು ತಿಳಿದವರೆಲ್ಲ ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಅದನ್ನು ಮಾಡಿ ತೋರಿಸಲು ವರ್ಷಗಳು ಹಿಡಿದವು. 1901ರಲ್ಲಿ ಬಾಸ್ಟನ್ ನಗರದಲ್ಲಿ ಕಂಪನಿ ಶುರುವಾಯಿತು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವೊಂದೇ ತನ್ನ ಸಿಪಾಯಿಗಳಿಗಾಗಿ ಸುಮಾರು 35 ಲಕ್ಷ ರೇಜರು ಕೊಂಡಿತು. ಯುದ್ಧದಿಂದ ಮರಳಿದವರ ಜೊತೆ ರೇಜರೂ ಮನೆ ಸೇರಿತು.

ಇದರ ರಚನೆ ಎಷ್ಟು ಸರಳವೆಂದರೆ ಶಾಲೆಯ ಹುಡುಗನೂ ಒಮ್ಮೆ ನೋಡಿ ಬಿಡಿಸಿ ಹೇಳಬಹುದು. ಮೇಲೊಂದು ಬಾಗಿದ ಮುಚ್ಚಳ, ಕೆಳಗೊಂದು ತಳಪಟ್ಟಿ, ಎರಡರ ನಡುವೆ ಬ್ಲೇಡು. ಹಿಡಿಯನ್ನು ತಿರುಪಿದರೆ ಮೂರೂ ಬಿಗಿದುಕೊಳ್ಳುತ್ತವೆ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಇಷ್ಟು ತೆಳ್ಳನೆಯದು ಅಲುಗಾಡದೆ ನಿಲ್ಲುವುದು ಹೇಗೆ? ಮುಚ್ಚಳ ಅದನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಬಗ್ಗಿದಾಗ ಅದು ಸೆಟೆದು ನಿಲ್ಲುತ್ತದೆ. ಕಾಗದದ ಹಾಳೆಯನ್ನು ನಡುವೆ ಸ್ವಲ್ಪ ಮಡಿಚಿ ಹಿಡಿದರೆ ನೆಟ್ಟಗೆ ನಿಲ್ಲುವುದಿಲ್ಲವೇ, ಹಾಗೆ. ಅಲಗು ತಳಪಟ್ಟಿಯ ಅಂಚಿನಿಂದ ಕೂದಲೆಳೆಯಷ್ಟೇ ಹೊರಗೆ ಇಣುಕುತ್ತದೆ. ಕೂದಲು ಕತ್ತರಿಸಲು ಅಷ್ಟು ಸಾಕು, ಚರ್ಮ ಸೀಳಲು ಅಷ್ಟು ಸಾಲದು. ‘ಸೇಫ್ಟಿ’ ಎಂಬ ಹೆಸರು ಬಂದದ್ದು ಇದರಿಂದಲೇ.

ಎಸೆಯುವುದನ್ನು ಒಪ್ಪದವರೂ ಇದ್ದರು. ಇಂಗ್ಲೆಂಡಿನ ರೋಲ್ಸ್ ರೇಜರಿನದು ಬೇರೆಯೇ ದಾರಿ. ಲೋಹದ ಪೆಟ್ಟಿಗೆಯ ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ಚರ್ಮ. ನಡುವೆ ದಪ್ಪನೆಯ ಒಂದೇ ಅಲಗು. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಟಕ್ ಟಕ್ ಎಂದು ಮಗುಚಿಕೊಳ್ಳುತ್ತ ಅಲಗು ತಾನೇ ಹರಿತವಾಗುತ್ತದೆ. ಹೊಸ ಬ್ಲೇಡಿನ ಖರ್ಚೇ ಇಲ್ಲ. ಆದರೆ ಎರಡನೇ ಮಹಾಯುದ್ಧದ ನಂತರ ಬ್ಲೇಡು ಅಗ್ಗವಾದಂತೆ ಇದರ ಕಾಲ ಮುಗಿಯಿತು. ಆ ಕಂಪನಿ ಬಟ್ಟೆ ಒಗೆಯುವ ಯಂತ್ರ ಮಾರಲು ಹೋಗಿ 1964ರಲ್ಲಿ ಮುಳುಗಿತು. ಅದರ ಪೆಟ್ಟಿಗೆಗಳು ಮಾತ್ರ ಇವತ್ತೂ ಟಕ್ ಟಕ್ ಎನ್ನುತ್ತವೆ.

ನಮ್ಮ ಮನೆಗಳು ಅಮೆರಿಕದ ಬ್ಲೇಡನ್ನು ಕೊಂಡವು, ಅಮೆರಿಕದ ಎಸೆಯುವ ಬುದ್ಧಿಯನ್ನು ಕೊಳ್ಳಲಿಲ್ಲ. ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ ಉಜ್ಜಿ ಇನ್ನೆರಡು ದಿನ ಓಡಿಸುವವರಿದ್ದರು. ಅದಕ್ಕೂ ಬಾರದಾದಾಗ ಅದು ಹೊಲಿಗೆ ಡಬ್ಬಿಗೆ ಹೋಗುತ್ತಿತ್ತು, ದಾರ ಕತ್ತರಿಸಲು. ಅರ್ಧ ಮುರಿದು ಮಕ್ಕಳ ಕಂಪಾಸ್ ಪೆಟ್ಟಿಗೆಗೆ ಹೋಗುತ್ತಿತ್ತು, ಪೆನ್ಸಿಲ್ ಹೆರೆಯಲು. ಭಾರತ್, ಪನಾಮ, ಟೋಪಾಜ್, ಸೆವೆನ್ ಓ ಕ್ಲಾಕ್ ಎಂಬ ಹೆಸರುಗಳನ್ನು ಇಂದಿನ ಅಪ್ಪ-ಅಮ್ಮಂದಿರು ಮೊದಲು ಓದಿದ್ದು ಆ ಪುಟ್ಟ ಕಾಗದದ ಮೇಲೆಯೇ ಇರಬೇಕು. ಬ್ಲೇಡು ಬೆಂಗಳೂರಿನ ಮಾತಿನೊಳಗೂ ಸೇರಿತು. ಕೊರೆಯುವವನು ‘ಬ್ಲೇಡ್ ಹಾಕುತ್ತಾನೆ’. ಠೇವಣಿ ನುಂಗಿ ಬಾಗಿಲು ಹಾಕುವುದು ‘ಬ್ಲೇಡ್ ಕಂಪನಿ’.

ಭಾನುವಾರದ ಬಜಾರಿನಲ್ಲಿ

ರೇಜರ್ ಹುಡುಕುವವರು ಭಾನುವಾರ ಬೇಗ ಏಳಬೇಕು. ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಗಟು ಅಂಗಡಿಗಳು ಬಾಗಿಲು ಹಾಕಿರುವ ಆ ಬೆಳಿಗ್ಗೆ, ಅವುಗಳ ಮುಂದೆಯೇ ಹಳೆಯ ಸಾಮಾನಿನ ಬಜಾರು ನೆರೆಯುತ್ತದೆ. ನೆಲಕ್ಕೆ ಹಾಸಿದ ಗೋಣಿಯ ಮೇಲೆ ನಿಂತುಹೋದ ಕೈಗಡಿಯಾರ, ಟೆಲಿಫೋನು, ಬೀಗವಿಲ್ಲದ ಕೀಲಿಕೈ, ಕೀಲಿಕೈಯಿಲ್ಲದ ಬೀಗ. ರೇಜರು ಎದ್ದು ಕಾಣುವ ವಸ್ತುವಲ್ಲ. ಹಳೆಯ ಕೊಳಾಯಿ ತಿರುಪು, ಚಮಚಗಳ ರಾಶಿಯಲ್ಲಿ ಕೈಯಾಡಿಸಿ ಹುಡುಕಬೇಕು. ಕೆಲವೊಮ್ಮೆ ಮುಚ್ಚಳವೊಂದು ಸಿಗುತ್ತದೆ, ಅದರ ಹಿಡಿ ಇನ್ನಾವುದೋ ಭಾನುವಾರ ಇನ್ನಾವುದೋ ಗೋಣಿಯ ಮೇಲೆ ಸಿಗಬೇಕು.

ಸಿಕ್ಕಿದ್ದನ್ನು ಓದುವುದಕ್ಕೂ ಒಂದು ವಿದ್ಯೆ ಇದೆ. ತಳಪಟ್ಟಿಯ ಅಂಚು ಬಾಚಣಿಗೆಯಂತೆ ಹಲ್ಲು ಹಲ್ಲಾಗಿದ್ದರೆ ಅದು ಬಹುಮಟ್ಟಿಗೆ ಹಳೆಯ ಮಾದರಿ. ಹಲ್ಲಿಲ್ಲದ ಸಪಾಟು ಅಂಚಾದರೆ 1938ರಲ್ಲಿ ಬಂದ ‘ಟೆಕ್’ ಮಾದರಿಯೋ ಅದರ ನಂತರದ್ದೋ ಇರಬಹುದು. ಹಿಡಿಯ ಬುಡ ತಿರುಗಿಸಿದರೆ ತಲೆಯ ಎರಡು ಬಾಗಿಲು ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಳ್ಳುವ ರೇಜರುಗಳೂ ಇವೆ. ಅಮೆರಿಕದಲ್ಲಿ ತಯಾರಾದ ಜಿಲೆಟ್ ಆದರೆ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಒತ್ತಿರುವುದುಂಟು. ಅಕ್ಷರ ವರ್ಷವನ್ನು, ಅಂಕಿ ವರ್ಷದ ಯಾವ ಮೂರು ತಿಂಗಳು ಎಂಬುದನ್ನು ಹೇಳುತ್ತದೆ. 1954ಕ್ಕೆ ‘ಝಡ್’ ಮುಗಿದು 1955ಕ್ಕೆ ಮತ್ತೆ ‘ಎ’ ಶುರು. ಹಾಗಾದರೆ ಆ ಸರಣಿಯಲ್ಲಿ ‘ಇ 4’ ಎಂದರೆ? 1959ರ ಕೊನೆಯ ಮೂರು ತಿಂಗಳು. ಬೆಂಗಳೂರಿನಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂಬ ರೇಜರುಗಳೂ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಈ ಗುರುತಿಲ್ಲ. ಆಕಾರ, ಪೆಟ್ಟಿಗೆ ನೋಡಿಯೇ ಕಾಲ ಊಹಿಸಬೇಕು.

ಕೊಳ್ಳುವ ಮುಂಚೆ ನೋಡಬೇಕಾದ್ದು ಎರಡು. ಹಿಡಿಯ ಉದ್ದಕ್ಕೆ ಸಣ್ಣ ಸೀಳು ಬಿಟ್ಟಿದೆಯೇ, ಬಾಚಣಿಗೆಯ ಹಲ್ಲು ಬಗ್ಗಿದೆಯೇ. ಎರಡರಲ್ಲಿ ಒಂದಿದ್ದರೂ ನೋಡಲು ಚೆನ್ನ, ಮುಖಕ್ಕೆ ಬೇಡ. ತೊಳೆಯುವಾಗ ಮನೆಯವರು ಮೊದಲು ಹುಣಸೆಹಣ್ಣು ತರುತ್ತಾರೆ, ಇಲ್ಲವೇ ಸಬೀನ. ಅಲ್ಲೇ ಕೆಲಸ ಕೆಡುವುದು. ಒಳಗೆ ಹಿತ್ತಾಳೆಯಿದ್ದರೂ ಹೊರಗಿನದು ನಿಕ್ಕಲ್ಲಿನದೋ ಚಿನ್ನದ್ದೋ ತೆಳು ಲೇಪ. ತಿಕ್ಕಿದರೆ ಎದ್ದುಹೋಗುತ್ತದೆ. ಬಿಡಿಸಿ, ಬೆಚ್ಚನೆಯ ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಬಹುಪಾಲು ಕೊಳೆ ಬಿಡುತ್ತದೆ. ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಒಳಗೆ ಹಳೆಯ ಬ್ಲೇಡಿದ್ದರೆ ಅದನ್ನು ಮುಖಕ್ಕೆ ತಾಗಿಸುವ ಮಾತೇ ಇಲ್ಲ.

ಇಷ್ಟಾದ ಮೇಲೆ ಒಂದು ಸೋಜಿಗ ಕಾದಿರುತ್ತದೆ. ಗಾಂಧಿ ಬಜಾರಿನಲ್ಲಿ ಇವತ್ತು ಕೊಂಡ ಬ್ಲೇಡು, ನೂರು ವರ್ಷದ ಹಿಂದಿನ ಜಿಲೆಟ್ ರೇಜರಿನಲ್ಲಿ ಸರಿಯಾಗಿ ಕೂರುತ್ತದೆ. ಮೊದಲಿನ ಬ್ಲೇಡಿಗೆ ಮೂರು ತೂತಿದ್ದವು, 1930ರ ಸುಮಾರಿಗೆ ಉದ್ದನೆಯ ಸೀಳು ಬಂತು. ಇಂದಿನ ಬ್ಲೇಡಿನ ಸೀಳಿನೊಳಗೆ ಆ ಮೂರು ತೂತಿನ ಆಕಾರವೂ ಉಳಿದಿದೆ. ಎರಡು, ಮೂರು, ಐದು ಅಲಗಿನ ಪ್ಲಾಸ್ಟಿಕ್ ತಲೆಗಳು ಬಂದ ಮೇಲೆ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಅದರ ತಲೆ ಅಂಗಡಿಗೆ ಬರುವುದು ನಿಂತರೆ ಹಿಡಿಯೂ ಕಸ.

ಭಾರ ಹಾಕಬಾರದು

ಮೀಸೆ ಚಿಗುರಿದ ಮಗನಿಗೆ ಮೊದಲ ಸಲ ರೇಜರ್ ಕೊಡುವಾಗ ಅಪ್ಪಂದಿರು ಹೆಚ್ಚು ಮಾತಾಡುವುದಿಲ್ಲ. ‘ಹುಷಾರು’ ಎಂದಷ್ಟೇ ಹೇಳಿ ಹೊರಗೆ ನಿಲ್ಲುತ್ತಾರೆ. ಹಳೆಯ ರೇಜರ್ ಆದರೆ ಜೊತೆಗೆ ನಿಂತು ಹೇಳಿಕೊಡಲೇಬೇಕು. ಪ್ಲಾಸ್ಟಿಕ್ ರೇಜರಿನ ತಲೆ ತಾನೇ ತಿರುಗಿ ಕೆನ್ನೆಗೆ ಹೊಂದಿಕೊಳ್ಳುತ್ತದೆ. ಇದರಲ್ಲಿ ಕೈಯೇ ಹೊಂದಿಸಿಕೊಳ್ಳಬೇಕು.

ಕ್ರಮ ಹೀಗಿದೆ. ಬಿಸಿನೀರಿನಲ್ಲಿ ಮುಖ ತೊಳೆದು ಗಡ್ಡ ಮೆತ್ತಗಾಗಲು ಬಿಡಬೇಕು, ಸ್ನಾನವಾದ ಮೇಲಾದರೆ ಇನ್ನೂ ಒಳ್ಳೆಯದು. ಬ್ರಷ್ಷಿನಿಂದ ನೊರೆ ಬರಿಸಿ ಹಚ್ಚಬೇಕು. ರೇಜರನ್ನು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಚಿಕ್ಕ ಚಿಕ್ಕದಾಗಿ ಎಳೆಯಬೇಕು. ಬೇಡಾದ್ದು ಒಂದೇ, ಒತ್ತುವುದು. ರೇಜರಿನ ತೂಕವೇ ಸಾಕು. ಒತ್ತಿದವನಿಗೆ ಅದು ಅಲ್ಲಲ್ಲೇ ಉತ್ತರ ಕೊಡುತ್ತದೆ. ಗದ್ದದ ಮೇಲೆ ಕೆಂಪು ಚುಕ್ಕೆ ಕಾಣುತ್ತದೆ. ಸಣ್ಣ ಗಾಯಕ್ಕೆ ಒದ್ದೆ ಮಾಡಿದ ಪಟಿಕದ ತುಂಡು ಸವರಿದರೆ ರಕ್ತ ನಿಲ್ಲುತ್ತದೆ. ಮೊಡವೆ ಎದ್ದಿರುವ ಹುಡುಗರು ಅದು ಮಾಗುವ ತನಕ ಆ ಜಾಗ ಬಿಡಬೇಕು. ಯಾರ ರೇಜರನ್ನೂ ಯಾರೂ ಹಂಚಿಕೊಳ್ಳಬಾರದು, ಅಪ್ಪ-ಮಕ್ಕಳಾದರೂ ಸರಿ.

ಬಳಸಿದ ಬ್ಲೇಡಿನ ವಿಷಯ ಇನ್ನೂ ಮುಖ್ಯ. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲ ಬೀರುವಿನ ಹಿಂದೆ ಒಂದು ಸೀಳು ಇರುತ್ತಿತ್ತು. ಅದರಲ್ಲಿ ತೂರಿದ ಬ್ಲೇಡು ಗೋಡೆಯೊಳಗೇ ಬಿದ್ದು ಅಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಅದು ಕಸದ ಬುಟ್ಟಿಗೆ ಬೀಳುತ್ತದೆ. ಅಲ್ಲಿಂದ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ. ಒಂದು ಖಾಲಿ ಡಬ್ಬಿಯ ಮುಚ್ಚಳಕ್ಕೆ ಹುಂಡಿಯಂತೆ ಸೀಳು ಮಾಡಿ, ಬ್ಲೇಡುಗಳನ್ನೆಲ್ಲ ಅದರಲ್ಲಿ ಹಾಕಿ, ತುಂಬಿದ ಮೇಲೆ ಅಂಟು ಪಟ್ಟಿ ಸುತ್ತಿ, ಏನೆಂದು ಹೇಳಿ ಬೇರೆಯಾಗಿ ಕೊಡಬೇಕು. ತನ್ನ ಮುಖ ಕುಯ್ಯದಂತೆ ಇಷ್ಟು ಜಾಗ್ರತೆ ವಹಿಸುವವನು ಇನ್ನೊಬ್ಬರ ಕೈ ಕುಯ್ದರೆ ಆ ವಿದ್ಯೆಗೆ ಏನು ಅರ್ಥ?

ಮತ್ತೆ ಅದೇ ಕೈಗೆ

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಹಳೆಯ ಮಾದರಿಯ ಕಟಿಂಗ್ ಶಾಪುಗಳು ಇನ್ನೂ ಕೆಲವಿವೆ. ಎದುರುಬದುರು ಕನ್ನಡಿ, ಮರದ ಕುರ್ಚಿ, ಮೊಳೆಗೆ ಸಿಕ್ಕಿಸಿದ ದಿನಪತ್ರಿಕೆ. ಸೇಫ್ಟಿ ರೇಜರು ಮನೆಮನೆಗೆ ಬಂದಂತೆ ಹಿತ್ತಲಿಗೆ ಬರುತ್ತಿದ್ದ ಕ್ಷೌರಿಕರ ಆದಾಯ ಕುಗ್ಗಿತು. ದಿನದ ಗಡ್ಡ ಕನ್ನಡಿಯ ಮುಂದೆ ಮುಗಿದ ಮೇಲೆ ಅವರಿಗೆ ಉಳಿದದ್ದು ತಲೆ ಕ್ಷೌರ. ಹಾಗೆಂದು ಅವರಿಗೆ ಬರೀ ನಷ್ಟವಾಯಿತೆಂದೂ ಹೇಳಲಾಗದು. ಮನೆಯ ಹಿತ್ತಲಲ್ಲಿ ನಿಂತು ಕಾಯುತ್ತಿದ್ದವರು ತಮ್ಮದೇ ಅಂಗಡಿ ಹಾಕಿದರು. ಈಗ ಕಾಯುವ ಸರದಿ ಗಿರಾಕಿಯದು. ಮಂಗಳವಾರ ಕ್ಷೌರ ಬೇಡವೆಂಬ ಪಂಚಾಂಗದ ಮಾತು ಅವರ ವಾರದ ರಜೆಯಾಯಿತು.

ಅಂಗಡಿಯಲ್ಲೂ ಬಹುಕಾಲ ಮಡಿಸುವ ಕತ್ತಿಯೇ ನಡೆಯಿತು. ಒಬ್ಬರಿಗೆ ಬಳಸಿದ್ದನ್ನೇ ಒರೆಸಿ, ಚರ್ಮಕ್ಕೆ ಎಳೆದು, ಇನ್ನೊಬ್ಬರಿಗೆ ಬಳಸುತ್ತಿದ್ದರು. 1986ರಲ್ಲಿ ಭಾರತದಲ್ಲಿ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಒಬ್ಬೊಬ್ಬ ಗಿರಾಕಿಗೂ ಹೊಸ ಬ್ಲೇಡು ಬಳಸಿರಿ ಎಂಬ ಮಾತು ಊರೂರಿಗೆ ಹೋಯಿತು. ಗಿರಾಕಿಗಳೇ ‘ಹೊಸ ಬ್ಲೇಡು ಹಾಕಿ’ ಎಂದು ಕೇಳತೊಡಗಿದರು. ಸಾಣೆಕಲ್ಲು ಮೂಲೆ ಸೇರಿತು. ಕತ್ತಿಯ ಆಕಾರದ ಹಿಡಿ ಉಳಿಯಿತು, ಅದರ ಬಾಯಿಗೆ ಸಿಕ್ಕಿಸಲು ಬ್ಲೇಡು ಬಂತು. ಯಾವ ಬ್ಲೇಡು? ಅದೇ ಎರಡಲಗಿನ ಬ್ಲೇಡು. ಕಾಗದ ಬಿಚ್ಚದೆಯೇ ಬೆರಳಲ್ಲಿ ಬಗ್ಗಿಸಿದರೆ ಚಟ್ಟೆಂದು ನಡುವೆ ಮುರಿಯುತ್ತದೆ. ಅರ್ಧ ಈ ಗಿರಾಕಿಗೆ, ಅರ್ಧ ಮುಂದಿನವರಿಗೆ. ಒಂದು ಕಾಲಕ್ಕೆ ಕ್ಷೌರಿಕರ ಕೈಯಿಂದ ಗಡ್ಡವನ್ನು ಕಿತ್ತುಕೊಂಡ ಬ್ಲೇಡು, ಅವರ ಕಸುಬಿನ ಮೇಲಿನ ನಂಬಿಕೆಯನ್ನು ಉಳಿಸಿತು.

2020ರಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಈ ಅಂಗಡಿಗಳೂ ವಾರಗಟ್ಟಲೆ ಮುಚ್ಚಿದವು. ಮನೆಯಲ್ಲೇ ಉಳಿದವರು ಗೂಡುಗಳನ್ನು ತಡಕಾಡಿದರು. ತಾತನ ರೇಜರ್ ಮತ್ತೆ ಬೆಳಕು ಕಂಡದ್ದು ಕೆಲವು ಮನೆಗಳಲ್ಲಿ ಆಗಲೇ.

ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ನಮ್ಮ ಮನೆಗಳ ರೂಢಿ. ಅಜ್ಜಿಯ ಹೆಸರು, ಊರು, ಕೊಟ್ಟವರ ಹೆಸರು ಚೊಂಬಿನ ಅಂಚಿನಲ್ಲಿ ನೂರು ವರ್ಷ ಉಳಿಯುತ್ತದೆ. ರೇಜರಿನ ಮೇಲೆ ಹೆಸರು ಕೆತ್ತಿಸಿದವರು ಅಪರೂಪ. ಹಾಗಾಗಿ ಬಜಾರಿನ ಗೋಣಿ ಸೇರಿದ ಕ್ಷಣ ಅದು ಯಾರದೂ ಅಲ್ಲದ ವಸ್ತು. ಮಾದರಿ ಯಾವುದು, ವರ್ಷ ಯಾವುದು ಎಂದು ಸಂಗ್ರಾಹಕರು ಹೇಳಬಲ್ಲರು. ಅದನ್ನು ಕೊಂಡ ಮೊದಲ ಸಂಬಳ ಯಾವ ಕಚೇರಿಯದು, ಮನೆಗೆ ಬರುತ್ತಿದ್ದ ಕ್ಷೌರಿಕರ ಹೆಸರೇನು, ಅವರು ಬರುವುದು ನಿಂತದ್ದು ಯಾವಾಗ, ಇದನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ. ಅವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ರೇಜರಿನ ಪೆಟ್ಟಿಗೆಯಲ್ಲಿಡುವುದು ಶಾಲೆಯ ಮಕ್ಕಳು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ.

ಅಂಥ ರೇಜರಿಗೆ ಬ್ಲೇಡು ಇವತ್ತೂ ಸಿಗುತ್ತದೆ. ಅದನ್ನು ಹಿಡಿದಿದ್ದ ಕೈ ಯಾರದೆಂದು ಹೇಳುವವರು ಇನ್ನೆಷ್ಟು ದಿನ ಸಿಗುತ್ತಾರೋ. ಈ ಭಾನುವಾರವೇ ಕೇಳುವುದು ಒಳ್ಳೆಯದು.